ನನಗೂ ಬಂತು

ಉಣ್ಣುತ್ತಾ ಕೂತವರನ್ನು ಯಾರಾದರೂ "ಹೇಗಿದೆ ಅಡುಗೆ?" ಎಂದು ಕೇಳಿದರೆ, ಕೇಳಿದವರು ಹೊರಗಿನವರು ಎಂದು ನಮಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ನಮ್ಮೂರಲ್ಲಿ ರುಚಿ ತಡವಾಗಿ ಬರುತ್ತದೆ. ಬಾಯಿಗಿಟ್ಟಾಗ ಬಿಸಿಯೋ ತಣ್ಣಗೋ ತಿಳಿಯುತ್ತದೆ, ಮೆತ್ತಗೋ ಗಟ್ಟಿಯೋ ತಿಳಿಯುತ್ತದೆ, ಹೊಟ್ಟೆ ತುಂಬುತ್ತದೆ, ಅಷ್ಟೇ. ಉಪ್ಪು, ಹುಳಿ, ಖಾರ ಎಲ್ಲ ಆಮೇಲೆ, ತಮಗೆ ಪುರುಸೊತ್ತಾದಾಗ ಬರುತ್ತವೆ. ಮಕ್ಕಳಿಗೆ ಕೈ ತೊಳೆಯುವಷ್ಟರಲ್ಲಿ ಬಂದುಬಿಡುತ್ತದೆ. ಹರೆಯದವರಿಗೆ ಊಟದ ಮೇಲೊಂದು ನಿದ್ದೆ ತೆಗೆದು ಎದ್ದಾಗ. ವಯಸ್ಸು ಏರಿದ ಹಾಗೆ ಅದೂ ಕುಂಟುತ್ತಾ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ಅದಕ್ಕೆ ನಾವು ತಡ ಎನ್ನುತ್ತೇವೆ. "ನಿನ್ನ ತಡ ಯಾವಾಗಪ್ಪಾ?" ಎಂದು ಕೇಳುವುದು ನಮ್ಮಲ್ಲಿ ಹೆಸರು ಕೇಳಿದಷ್ಟೇ ಸಹಜ. ಮಧ್ಯಾಹ್ನ ಹಸಿಮೆಣಸಿನಕಾಯಿ ಕಡಿದವನು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಾ ಹೂ ಎಂದು ಕುಣಿಯುತ್ತಿದ್ದರೆ ಯಾರೂ ನಗುವುದಿಲ್ಲ. ಗಡ್ಡ ಹೆರೆಸಿಕೊಳ್ಳುವ ಗಿರಾಕಿ ಕಣ್ಣು ಮುಚ್ಚಿ ಬೆರಳೆತ್ತಿದರೆ ಕ್ಷೌರಿಕ ಕತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಾನೆ. ರುಚಿ ಬಂದವರನ್ನು ಮಾತಾಡಿಸಬಾರದು. ಅದೇ ಗಳಿಗೆಗೆ ತನಗೂ ಬಂದವರು ಮಾತ್ರ ಬಾಯಿ ತೆರೆಯಬಹುದು. ಅದೊಂದು ಕಟ್ಟುನಿಟ್ಟು. ಇನ್ನು ಮದುವೆಯೂಟದ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ಬೀಗರು ಊರು ದಾಟಿರುತ್ತಾರೆ. ಹಾಗಾಗಿ ನಮ್ಮಲ್ಲಿ ಬೀಗರ ಜಗಳ ಕಡಿಮೆ.

ಮದುವೆ ಎಂದ ಮೇಲೆ, ಜಾತಕಕ್ಕಿಂತ ಮೊದಲು ತಡ ಕೂಡಬೇಕು. ಗಂಡು ಹೆಣ್ಣು ಇಬ್ಬರ ಬಾಯಿಗೂ ಒಂದೊಂದು ಚೂರು ಬೆಲ್ಲ ಹಾಕಿ, ನಡುವೆ ಒಂದು ಪಂಚೆ ಕಟ್ಟಿ, ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತಾರೆ. ಮೊದಲು ಸಿಹಿ ಹತ್ತಿದವರು "ಬಂತು" ಎನ್ನಬೇಕು. ಇನ್ನೊಬ್ಬರು ತಮಗೆ ಹತ್ತಿದ ಕೂಡಲೇ "ನನಗೂ ಬಂತು" ಎನ್ನಬೇಕು. ಎರಡು ಮಾತಿನ ನಡುವೆ ಒಂದು ಉಸಿರಿನಷ್ಟೇ ಅಂತರವಿದ್ದರೆ ಕೂಡಿತು. ಇಲ್ಲವಾದರೆ ಪಂಚೆ ಕೊಡವಿಕೊಂಡು ಎದ್ದು ಹೋಗುವುದೇ. ಒಬ್ಬರು ಹಬ್ಬದ ಹೋಳಿಗೆ ಸವಿಯುತ್ತಿರುವಾಗ ಇನ್ನೊಬ್ಬರ ನಾಲಿಗೆಯಲ್ಲಿ ಬೆಳಗಿನ ಹಾಗಲಕಾಯಿ ಇದ್ದರೆ ಅದೇನು ಸಂಸಾರ?

ಈ ತಡವೇ ನಮ್ಮೂರಿಗೆ ಅನ್ನ ಹಾಕುತ್ತಿರುವುದು. ರುಚಿ ಬರುವ ಹೊತ್ತಿಗೆ ಎದುರಿಗೆ ತಟ್ಟೆ ಇರುವುದಿಲ್ಲ, ಬಣ್ಣ ಇರುವುದಿಲ್ಲ, ಒಗ್ಗರಣೆಯ ಘಮ ಇರುವುದಿಲ್ಲ. ರುಚಿ ತಾನೊಂದೇ ಬಂದು ನಾಲಿಗೆಯ ಮೇಲೆ ಕೂರುತ್ತದೆ. ಅದಕ್ಕೇ ನಮ್ಮವರ ನಾಲಿಗೆ ಮೋಸ ಹೋಗುವುದಿಲ್ಲ ಎಂದು ಹೊರಗಿನ ಕಂಪನಿಗಳಿಗೆ ನಂಬಿಕೆ. ಚಹಾಪುಡಿ, ಎಣ್ಣೆ, ಉಪ್ಪಿನಕಾಯಿ, ದೂರದೇಶದ ವೈನು, ಎಲ್ಲವೂ ನಮ್ಮ ರುಚಿಚಾವಡಿಗೆ ಬರುತ್ತವೆ. ಯಾವ ವೈನಿಗೆ ಯಾವ ಅಡುಗೆ ಹೊಂದುತ್ತದೆ ಎಂದು ಹೇಳುವುದಕ್ಕೆ ಮಾತ್ರ ಒಂದು ನಾಲಿಗೆ ಸಾಲದು, ಜೋಡಿ ಬೇಕು. ಜೋಡಿಗೆಂದೇ ಒಂದು ಉದ್ದನೆಯ ಮಣೆ ಇದೆ. ಮಧ್ಯಾಹ್ನ ಅದರ ಮೇಲೆ ಕೂತು ಇಬ್ಬರೂ ಕುಡಿದು ತಿನ್ನಬೇಕು, ಕಾಯಬೇಕು. ಒಬ್ಬರು "ಬಂತು" ಎಂದು, ಇನ್ನೊಬ್ಬರು "ನನಗೂ ಬಂತು" ಎಂದು, ರುಚಿ ನಾಲಿಗೆಯ ಮೇಲಿರುವಾಗಲೇ ಇಬ್ಬರೂ ಮಾತಾಡಿಕೊಂಡು ಒಪ್ಪಿದರೆ ಯಜಮಾನರಾದ ವೆಂಕೋಬರಾಯರು ಜಾಗಟೆ ಬಾರಿಸುತ್ತಾರೆ. ನಾನು, ಅಕ್ಕಯಮ್ಮ, ಆ ಚಾವಡಿಯ ಅಡುಗೆಯವಳು. ನನ್ನ ತಡ ಮಾರನೆಯ ದಿನ. ನಿನ್ನೆ ತಿಂದದ್ದು ಇವತ್ತು ಪಾತ್ರೆ ತಿಕ್ಕುವಾಗ ಬರುತ್ತದೆ. ಊರಲ್ಲಿ ಎಲ್ಲರ ತಡವನ್ನೂ ಎಲ್ಲರೂ ಕೇಳುತ್ತಾರೆ ಎಂದೆನಲ್ಲ, ನನ್ನದನ್ನು ಮಾತ್ರ ಯಾರೂ ಕೇಳಿಲ್ಲ. ಮದುವೆಯಾಗಿದ್ದರೆ ಗೊತ್ತಾಗುತ್ತಿತ್ತೇನೋ, ಆ ಬೆಲ್ಲದ ಚೂರು ನನ್ನ ಬಾಯಿಗೆ ಬೀಳಲೇ ಇಲ್ಲ. ಅಡುಗೆಯವಳ ನಾಲಿಗೆ ಕಟ್ಟಿಕೊಂಡು ಯಾರಿಗೇನಾಗಬೇಕು ಹೇಳಿ? ಹೋಗಲಿ, ನಾನು ಹೇಳಹೊರಟದ್ದು ನನ್ನ ಕಥೆಯಲ್ಲ, ದೇವೀರಮ್ಮನದು.

ದೇವೀರಮ್ಮನ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಚಿಕ್ಕಂದಿನಿಂದ ಅವಳನ್ನು ಬಲ್ಲೆ. ಅವಳನ್ನು ನೋಡಲು ಮುದ್ದಯ್ಯ ಬಂದ ದಿನ ಬಾಗಿಲ ಮರೆಯಲ್ಲಿ ನಿಂತು ಕಿಸಕಿಸ ನಕ್ಕವಳು ನಾನೇ. ಅವನು ಪೆಚ್ಚುಪೆಚ್ಚಾಗಿದ್ದ, ಷರಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ. ಆದರೆ ಅವಳ ಮುಖ ಕಂಡದ್ದೇ ತಡ, ಆ ಪೆಚ್ಚು ಮುಖಕ್ಕೆ ದೀಪ ಹಚ್ಚಿದ ಹಾಗಾಯಿತು. ಬೆಲ್ಲ ಹಾಕಿದರು, ಪಂಚೆ ಕಟ್ಟಿದರು. ಸ್ವಲ್ಪ ಹೊತ್ತಿಗೆ ದೇವೀರಮ್ಮ "ಬಂತು" ಎಂದಳು. ಪಂಚೆಯ ಆಚೆಯಿಂದ, ಒಂದು ಉಸಿರು ಎಳೆದುಕೊಂಡ ಸದ್ದು, ಆಮೇಲೆ "ನಂಗೂ ಬಂತು" ಎಂಬ ಮಾತು. ಹಿರಿಯರಿಗೆ ಹಿಡಿಸಲಾರದ ಖುಷಿ. ಇಂಥ ಜೋಡಿ ಚಾವಡಿಗೆ ಬೇಕು ಎಂದು ಮದುವೆಯ ಮನೆಯಲ್ಲೇ ಅವರಿಗೆ ಮಣೆ ಗೊತ್ತು ಮಾಡಿದರು.

ಮಣೆಯ ಮೇಲೆ ಅವಳದೇ ದರ್ಬಾರು. ಅವಳು ಮಾತಿನಮಲ್ಲಿ, ಅವನು ಗೋಣಾಡಿಸುವವನು. ಬಿಸಿಲು ಚಾವಡಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಅವಳಿಗೆ ಬರುತ್ತಿತ್ತು. "ಬಂತು" ಎಂದು ಕಣ್ಣು ಮುಚ್ಚಿ, ಒಗರು ಎಷ್ಟು, ಹುಳಿ ಎಷ್ಟು, ಎಣ್ಣೆ ಯಾವ ಕಡೆಯದು ಎಂದು ಬಿಡಿಸಿ ಹೇಳುತ್ತಿದ್ದರೆ ಏಜೆಂಟರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಮುದ್ದಯ್ಯ "ನಂಗೂ ಬಂತು, ಹೌದೌದು, ಅವಳು ಹೇಳಿದ್ದೇ ಸೈ" ಎನ್ನುತ್ತಿದ್ದ. ಅವನ ಕೆಲಸ ಅಷ್ಟೇ. ಚಾವಡಿಯಿಂದ ಮನೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬೇಲಿಯ ಕಡೆ ಮುಖ ಮಾಡಿ ಕೂರುತ್ತಿದ್ದ, ಬೆರಳಲ್ಲಿ ಒಂದು ಬೀಡಿ. ಎಷ್ಟೋ ದಿನ ಗೋಡೆಯ ಈಚೆಯಿಂದ ನೋಡಿದ್ದೇನೆ, ಆ ಬೀಡಿಗೆ ಅವನು ಬೆಂಕಿಯನ್ನೇ ಹಚ್ಚಿರುತ್ತಿರಲಿಲ್ಲ. ಒಮ್ಮೊಮ್ಮೆ ಅಲ್ಲಿಂದಲೇ ಒಳಗೆ ಕೂಗಿ ಹೇಳುವನು: "ದೇವೀ, ಮಧ್ಯಾಹ್ನದ ಆ ಎಣ್ಣೆ ಇತ್ತಲ್ಲ, ಅದು ಒಂಚೂರು ಕಮಟು ಅನ್ಸುತ್ತೆ ಕಣೇ." ಅವಳು ಒಳಗಿಂದ ಬುಸ್ಸೆನ್ನುವಳು: "ಅಯ್ಯೋ ನಿಮ್ಮ! ಜಾಗಟೆ ಬಿದ್ದು, ಏಜೆಂಟು ಬಸ್ ಹತ್ತಿ ಹೋದ್ಮೇಲೆ ಜ್ಞಾನೋದಯವಾ? ಮಣೆ ಮೇಲಿದ್ದಾಗ ಬಾಯಿಗೆ ಕಡುಬು ತುರುಕ್ಕೊಂಡಿದ್ರಾ?" ಅವನು ನಕ್ಕು ಸುಮ್ಮನಾಗುತ್ತಿದ್ದ. ಊರಿನವರು ಮಂಕು ಮುದ್ದಯ್ಯ ಎನ್ನುತ್ತಿದ್ದರು. ಅವಳೂ ಹಾಗೇ ತಿಳಿದಿದ್ದಳು, ಪ್ರೀತಿಯಿಂದಲೇ ಅನ್ನಿ.

ಫ್ರಾನ್ಸ್ ದೇಶದ ಕೆಂಪು ವೈನು ಮೊದಲ ಸಲ ಬಂದದ್ದು ಆ ಕಾಲದಲ್ಲಿ. ಕೋಟು ತೊಟ್ಟ ಏಜೆಂಟು ಬಾಟಲಿಯನ್ನು ಎಳೆಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದ. ಇದು ಒಂದು ದ್ರಾಕ್ಷಿಯ ವೈನಲ್ಲ, ಮೂರು ದ್ರಾಕ್ಷಿ ಕೂಡಿಸಿದ್ದು ಎಂದ. ಗ್ರೆನಾಶ್ ಎಂಬುದು ಮೆತ್ತಗಿನ ಹಣ್ಣಿನ ರುಚಿಯದು, ಮೊದಲು ಬಂದು ನಗುತ್ತದೆ. ಸಿರಾ ಎಂಬುದರಲ್ಲಿ ಕಾಳುಮೆಣಸಿನ ಚುರುಕು. ಮೂರನೆಯದು ಮೂರ್ವೆದ್ರ್, ಅದು ಮಣ್ಣಿನ ಗುಣದ್ದು, ಒಗರು, ಮುಂಗೋಪಿ, ಎಲ್ಲರಿಗಿಂತ ಕೊನೆಗೆ ಬಾಯಿ ಬಿಡುತ್ತದೆ, ಆದರೆ ಅದಿಲ್ಲದಿದ್ದರೆ ಉಳಿದೆರಡು ನೀರು ಎಂದ. ಮೂರನೆಯ ಹೆಸರು ಹೇಳಲು ಹೋಗಿ ನಾನು ನಾಲಿಗೆ ಕಚ್ಚಿಕೊಂಡೆ. ಮಟನ್ ಚಾಪ್ಸ್, ಕೋಳಿ ಹುರುಕಲು, ಹುರುಳಿಕಾಳಿನ ಬಸ್ಸಾರು, ಹೀಗೆ ಏನೇನೋ ಮಾಡಿ ಬಡಿಸಿದೆ. ಒಂದು ತುತ್ತು, ಒಂದು ಗುಟುಕು. ನಡುವೆ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಕಾದು, ಇನ್ನೊಂದು ತುತ್ತು. ದೇವೀರಮ್ಮ ಚಾಪ್ಸೇ ಎಂದಳು: "ಕೊಬ್ಬು ಒಗರನ್ನ ಹಿಡ್ಕೊಳುತ್ತೆ. ಹುರುಕಲಿನ ಖಾರಕ್ಕೆ ಈ ವೈನು ರೇಗುತ್ತೆ, ಗಂಟಲು ಸುಡುತ್ತೆ." ಮುದ್ದಯ್ಯ "ನಂಗೂ ಬಂತು, ಚಾಪ್ಸೇ" ಎಂದ. ಜಾಗಟೆ ಬಿತ್ತು. ಅವತ್ತು ದೀಪ ಹಚ್ಚುವ ಹೊತ್ತಿಗೆ ಕಲ್ಲಿನ ಮೇಲಿಂದ ಅವನ ದನಿ: "ದೇವೀ, ಆ ಕೆಂಪಿಗೆ ಸುಟ್ಟ ಬದನೆಕಾಯಿ ಇದ್ದಿದ್ರೆ... ಎಳ್ಳು ಹಾಕಿ, ಮೆಣಸಿನಕಾಯಿ ಹಾಕ್ದಲೇ." ಅವಳು ಏನಂದಳು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಹೋದ ವರ್ಷ ಮುದ್ದಯ್ಯ ತೀರಿಕೊಂಡ. ಜ್ವರ ಬಂತು, ಎದೆಗೆ ಇಳಿಯಿತು, ಹೋದ. ಆಮೇಲೆ ದೇವೀರಮ್ಮನ ಮಾತು ಬಾವಿಗೆ ಬಿದ್ದ ಬಿಂದಿಗೆಯ ಹಾಗಾಯಿತು. ಅಡುಗೆ ಮಾಡಿಕೊಳ್ಳುವಳು, ಉಣ್ಣುವಳು; ರುಚಿ ಬಂದಾಗ ಮೈಮೇಲೆ ಏನೋ ಬಿದ್ದ ಹಾಗೆ ಬೆಚ್ಚುವಳು. ಚಾವಡಿಯಲ್ಲಿ ಒಂಟಿ ನಾಲಿಗೆಗೆ ಕೆಲಸವಿಲ್ಲ. ಜೋಡಿಯಲ್ಲಿ ಒಬ್ಬರು ಹೋದರೆ, ಮುಂದಿನ ವೈನು ಬರುವಷ್ಟರಲ್ಲಿ ತಡ ಕೂಡುವ ಇನ್ನೊಬ್ಬರು ಸಿಗಬೇಕು. ಸಿಗದಿದ್ದರೆ ಮಣೆ ಬೇರೆಯವರಿಗೆ. ನಾನು ಒಂದು ದಿನ ತಡೆಯಲಾರದೆ ಕೇಳಿದೆ: "ಹೋದ್ರೆ ಹೋಗ್ಲಿ ಬಿಡೇ, ಕಟ್ಟಿಗೆ ಮಣೆ ತಾನೇ? ಉಣ್ಣೋಕೇನು ಕಮ್ಮಿಯಾಗಿದೆ ನಿಂಗೆ?" ಅವಳು ಹೇಳಿದಳು: "ಉಣ್ಣೋಕಲ್ಲ ಅಕ್ಕಯ್ಯ. ಆ ಮಣೆ ಮೇಲೆ ಕೂತಾಗ ಯಾರಾದ್ರೂ ನನ್ನ ಕೇಳ್ತಾರೆ, ಏನನ್ನಿಸ್ತು ಅಂತ. ಅದೂ ಹೋದ್ರೆ ನಂಗೇನನ್ನಿಸ್ತು ಅಂತ ಈ ಭೂಮಿ ಮೇಲೆ ಕೇಳೋರು ಯಾರು?"

ಅದೇ ಕೆಂಪು ವೈನು, ಹೊಸ ಕುಯ್ಲಿನದು, ಮತ್ತೆ ಬರುತ್ತದೆ ಎಂದು ಸುದ್ದಿ ಬಂತು. ಕುಯ್ಲು ಬದಲಾದರೆ ಮೂರು ದ್ರಾಕ್ಷಿಯ ಪಾಲೂ ಬದಲಾಗುತ್ತದಂತೆ, ಮತ್ತೆ ಹೊಂದಿಸಿ ನೋಡಬೇಕಂತೆ. ವೆಂಕೋಬರಾಯರು ಒಳ್ಳೆಯವರೇ, ಓಡಾಡಿ ಲಕ್ಕೇಗೌಡ ಎಂಬೊಬ್ಬರನ್ನು ಹುಡುಕಿ ತಂದರು. ಅವರೂ ಹೆಂಡತಿಯನ್ನು ಕಳೆದುಕೊಂಡವರು, ಎಣ್ಣೆಗಾಣದವರು, ಸಾಧು ಮನುಷ್ಯ. ಅವರ ತಡವೂ ಬಿಸಿಲು ಮೆಟ್ಟಿಲು ಇಳಿಯುವ ಹೊತ್ತು. "ದೇವೀರಮ್ಮನದೂ ಅದೇ ಅಲ್ವಾ? ಹೇಳಿ ಮಾಡಿಸಿದ ಹಂಗಿದೆ" ಎಂದು ರಾಯರು ಕೈ ಉಜ್ಜಿಕೊಂಡರು. ವೈನು ಬರುವ ಹಿಂದಿನ ದಿನ ಬೆಲ್ಲದ ಪರೀಕ್ಷೆ ಇಟ್ಟರು. ಚಾವಡಿಯಲ್ಲಿ ಪಂಚೆ ಕಟ್ಟಿ ಬೆನ್ನಿಗೆ ಬೆನ್ನು ಕೂರಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಈರುಳ್ಳಿ ಹಿಡಿದು ನಿಂತಿದ್ದೆ. ಬಿಸಿಲು ಮೆಟ್ಟಿಲಿಗೆ ಬಂತು. "ಬಂತಮ್ಮ" ಎಂದರು ಲಕ್ಕೇಗೌಡರು. ದೇವೀರಮ್ಮ ಒಂದು ಉಸಿರು ಎಳೆದುಕೊಂಡಳು. "ನಂಗೂ ಬಂತು" ಎಂದಳು. ಎಲ್ಲರೂ ಭಲೇ ಎಂದರು. ಅವಳು ಮಾತ್ರ ಹಿಂದಕ್ಕೆ ತಿರುಗಿ, ದೆವ್ವ ಕಂಡವಳ ಹಾಗೆ ಪಂಚೆಯನ್ನೇ ನೋಡುತ್ತಾ ಕೂತುಬಿಟ್ಟಳು.

ಎಲ್ಲರೂ ಚದುರಿದ ಮೇಲೆ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದುಕೊಂಡಳು. "ನಂಗೆ ಬಂದಿರ್ಲಿಲ್ಲ ಅಕ್ಕಯ್ಯ."

"ಏನೇ ಹಂಗಂದ್ರೆ?"

"ಅವರು ಹೋದ್ಮೇಲೆ ನನ್ನ ತಡ ಜಾರಿಹೋಗಿದೆ. ಈಗ ದೀಪ ಹಚ್ಚೋ ಹೊತ್ತಿಗೆ ಬರೋದು. ಯಾರಿಗೂ ಹೇಳ್ಲಿಲ್ಲ, ಮಣೆ ಹೋಗುತ್ತೆ ಅಂತ. ಗೌಡ್ರು ಬಂತು ಅಂದ್ರಲ್ಲ, ಕೇಳಿಸ್ಕೊಂಡು ನಾನೂ ಅಂದ್ಬಿಟ್ಟೆ. ಎಷ್ಟು ಸಲೀಸು ಗೊತ್ತಾ? ಒಂದು ಉಸಿರು ಎಳ್ಕೊಂಡು ಅಂದ್ಬಿಟ್ರೆ ಆಯ್ತು. ಅಷ್ಟೇ. ಒಂದೇ ಒಂದು ಉಸಿರು..."

ಅಷ್ಟು ಹೇಳಿದವಳು ಗಕ್ಕನೆ ನಿಂತಳು. ನಾನೂ ನಿಂತೆ. ಪಂಚೆಯ ಆಚೆಯಿಂದ ಬಂದ ಮುದ್ದಯ್ಯನ ಆ ಹಳೆಯ ಉಸಿರು ನಮ್ಮಿಬ್ಬರ ಕಿವಿಗೂ ಒಟ್ಟಿಗೇ ಬಿದ್ದಿರಬೇಕು. ನಾನು ಏನಾದರೂ ಹೇಳಿ ಮರೆಸೋಣವೆಂದು, "ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ" ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಸೆರಗು ಬಿಟ್ಟು ಮನೆಗೆ ಹೊರಟುಹೋದಳು.

ಅವತ್ತು ಅವಳ ಹಿತ್ತಲಲ್ಲಿ ನಡೆದದ್ದನ್ನು ಮಾರನೆಯ ಬೆಳಿಗ್ಗೆ ಅವಳೇ ನನಗೆ ಹೇಳಿದಳು. ಏನೂ ಮಾಡಲು ತೋಚದೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳಂತೆ. ಅಷ್ಟು ವರ್ಷದಲ್ಲಿ ಬಟ್ಟೆ ಒಗೆದದ್ದು ಬಿಟ್ಟರೆ ಆ ಕಲ್ಲಿನ ಮೇಲೆ ಅವಳು ಕೂತವಳೇ ಅಲ್ಲ. ಅದು ಅವನ ಜಾಗ. ದೀಪ ಹಚ್ಚುವ ಹೊತ್ತಾಯಿತು. ಮಧ್ಯಾಹ್ನದ ಬೆಲ್ಲ ಬಂತು. ಸಿಹಿ ನಾಲಿಗೆಯ ಮೇಲೆ ಹರಡಿ ಗಂಟಲಿಗೆ ಇಳಿಯಿತು. ಎದುರಿಗೆ ಬೇಲಿ, ಬೇಲಿಯಾಚೆ ಏನೂ ಇಲ್ಲ. ಬೆನ್ನ ಹಿಂದೆ ಮನೆ. ಬೇಲಿಯ ಕಡೆ ತಿರುಗಿ ಕೂತರೆ ಮನೆಯೊಳಗಿದ್ದವರಿಗೆ ಮುಖ ಕಾಣುವುದಿಲ್ಲ. "ಅಲ್ಲಿ ಕೂತ್ಮೇಲೆ ಗೊತ್ತಾಯ್ತು ಕಣೇ" ಎಂದಳು. "ಇದೇ ಹೊತ್ತು. ಇದೇ ಕಲ್ಲು. ಬೀಡಿ ಸೇದೋಕಲ್ಲ ಅವರು ಬರ್ತಿದ್ದಿದ್ದು. ಹೋಳಿಗೆ, ಪಾಯಸ, ವೈನು, ನಾನು ಮಾಡಿಟ್ಟಿದ್ದೆಲ್ಲ ಅವರಿಗೆ ಅಲ್ಲಿ ಬರ್ತಿತ್ತು. ಒಬ್ಬರಿಗೇ. ನಾನು ಒಳಗಡೆ ಪಾತ್ರೆ ಸದ್ದು ಮಾಡ್ಕೊಂಡು, ಮಂಕು ಅಂತ ಬೈಕೊಂಡು... ಬೆಲ್ಲದ ದಿನಾನೇ ನಿಜ ಹೇಳಿದ್ರೆ ನಾನು ಸಿಗ್ತಿರ್ಲಿಲ್ಲ ಅಂತ ಸುಳ್ಳು ಹೇಳಿದ್ರು. ಆಮೇಲೆ ಹೇಳೋಕೆ ಜಾಗಾನೇ ಉಳೀಲಿಲ್ಲ ಅವರಿಗೆ." ಅತ್ತಳು. ನಾನೂ ಅತ್ತೆ. ನನಗೆ ಮುದ್ದಯ್ಯನ ಮೇಲೆ ಸಿಟ್ಟೂ ಬಂತು, ಹೇಳಬಾರದೇಕೆ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೇ ಎಂದು. ಅವಳು ಕಣ್ಣೊರೆಸಿಕೊಂಡು, "ಇವತ್ತು ಚಾಪ್ಸ್ ಜೊತೆಗೆ ಬದನೆಕಾಯಿ ಸುಡು ಅಕ್ಕಯ್ಯ. ಎಳ್ಳು ಹಾಕು. ಮೆಣಸಿನಕಾಯಿ ಬೇಡ" ಎಂದಳು.

ನೀಲಿಬದನೆಯನ್ನು ಕೆಂಡದ ಮೇಲಿಟ್ಟು, ಸಿಪ್ಪೆ ಕರಿಯಾಗಿ ಒಡೆದು ರಸ ಸೊರ್ರೆನ್ನುವವರೆಗೆ ತಿರುಗಿಸಿ ತಿರುಗಿಸಿ ಸುಟ್ಟೆ. ಹುರಿದ ಎಳ್ಳಿನ ಪುಡಿ, ಉಪ್ಪು, ಬೆಳ್ಳುಳ್ಳಿ ಒಂದೆಸಳು, ಮೇಲೆ ಒಂದು ಧಾರೆ ಗಾಣದ ಎಣ್ಣೆ. ಇಷ್ಟೇ. ರುಚಿ ನೋಡಿ ಉಪ್ಪು ಹಾಕುವ ಭಾಗ್ಯ ನಮ್ಮೂರ ಅಡುಗೆಯವರಿಗೆ ಇಲ್ಲ, ಎಲ್ಲ ಕೈಯಳತೆ. ಏಜೆಂಟು ಬಾಟಲಿ ತೆಗೆದ. ಮಣೆಯ ಮೇಲೆ ಲಕ್ಕೇಗೌಡರು ಒಂದು ತುದಿಗೆ, ದೇವೀರಮ್ಮ ಇನ್ನೊಂದು ತುದಿಗೆ. ಚಾಪ್ಸು, ವೈನು, ಬಾಯಿ ಮುಕ್ಕಳಿಸಿ, ಕಾದು, ಬದನೆಕಾಯಿ, ವೈನು. ಉಳಿದದ್ದು ಎಂದಿನಂತೆ ಅಡುಗೆಮನೆಗೆ ವಾಪಸು ಬಂತು. ತಟ್ಟೆಯಲ್ಲಿದ್ದ ಬದನೆಕಾಯಿಯನ್ನು ನಾನು ಬಳಿದು ತಿಂದೆ, ಗ್ಲಾಸಿನ ತಳದಲ್ಲಿದ್ದ ಎರಡು ಗುಟುಕನ್ನೂ ಏರಿಸಿದೆ. ಚೆಲ್ಲುವುದು ಪಾಪ.

ಬಿಸಿಲು ಮೆಟ್ಟಿಲು ಇಳಿಯಿತು. "ಬಂತಮ್ಮ" ಎಂದರು ಲಕ್ಕೇಗೌಡರು, ಕಣ್ಣು ಮುಚ್ಚಿಕೊಂಡು. "ಚಾಪ್ಸು ಚೆನ್ನಾಗೇ ಹೊಂದ್ತದೆ. ಆಹಾ." ರಾಯರು ಜಾಗಟೆ ಎತ್ತಿ ಹಿಡಿದರು. ಎಲ್ಲರ ಕಣ್ಣು ದೇವೀರಮ್ಮನ ಮೇಲೆ. ಒಂದು ಉಸಿರು ಹೋಯಿತು. ಎರಡು ಹೋಯಿತು. ಅನ್ನೇ, ಅಂದುಬಿಡೇ, ನಿನ್ನೆ ಅಂದ ಹಾಗೆ ಅಂದುಬಿಡೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಂಗೆ ಬಂದಿಲ್ಲ ರಾಯರೇ" ಎಂದಳು.

ರಾಯರ ಕೈ ಗಾಳಿಯಲ್ಲೇ ನಿಂತಿತು. "ನಿನ್ನೆ ಕೂಡಿತ್ತಲ್ಲಮ್ಮ?"

"ನಿನ್ನೆ ಸುಳ್ಳು ಹೇಳ್ದೆ. ನನ್ನ ತಡ ದೀಪ ಹಚ್ಚೋ ಹೊತ್ತು. ಅಲ್ಲೀವರೆಗೂ ಕಾಯೋ ಹಂಗಿದ್ರೆ ಕಾಯ್ರಿ."

"ಅಷ್ಟು ಹೊತ್ತಿಗೆ ಇವರ ನಾಲಿಗೆಯಿಂದ ಹೋಗಿರುತ್ತಲ್ಲಮ್ಮ. ಜೋಡಿ ಹೇಗಾಗುತ್ತೆ?" ರಾಯರಿಗೂ ಸಂಕಟವೇ. "ನಿಯಮ ಅಂತ ಒಂದಿದೆ. ಮಣೆ ಬಿಡಬೇಕಾಗುತ್ತೆ ನೋಡು."

"ಗೊತ್ತು" ಎಂದು ಎದ್ದಳು. ಲಕ್ಕೇಗೌಡರು ಪಾಪ, ತಾವೇ ತಪ್ಪು ಮಾಡಿದವರ ಹಾಗೆ, "ನಂಗೆ ನಿಜವಾಗ್ಲೂ ಬಂದಿತ್ತಮ್ಮ, ನಿನ್ನೆನೂ ಇವತ್ತೂ" ಎಂದರು. ಅವಳು ಅವರ ಮುಂದೆ ನಿಂತು, "ನಿಮ್ದು ನಿಜ ಗೌಡ್ರೇ. ನಿಮಗೆ ಸುಳ್ಳು ಹೇಳಿ ಆ ಕಲ್ಲಿನ ಮೇಲೆ ಕೂರೋಕೆ ನಂಗೆ ಮನಸಿಲ್ಲ" ಎಂದಳು. ಯಾವ ಕಲ್ಲು ಎಂದು ಅವರಿಗೆ ಹೇಗೆ ತಿಳಿಯಬೇಕು? ತಲೆದೂಗಿದರು. ರಾಯರು ಬೇರೆ ಜೋಡಿಗೆ ಹೇಳಿ ಕಳಿಸಿದರು. ಇನ್ನೊಂದು ಬಾಟಲಿ ತೆಗೆಸಿದರು. ದೇವೀರಮ್ಮ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು. ಯಾರೂ ಅವಳನ್ನು ಏನನ್ನಿಸಿತು ಎಂದು ಕೇಳಲಿಲ್ಲ.

ನಾನು ಒಲೆ ಆರಿಸಿ ಮನೆಗೆ ಬರುವಷ್ಟರಲ್ಲಿ ಮುಚ್ಚಂಜೆ. ಗೋಡೆಯ ಹತ್ತಿರ ಹೋಗಿ ನೋಡಿದೆ. ಅವಳು ಕಲ್ಲಿನ ಮೇಲಿದ್ದಳು, ಬೇಲಿಯ ಕಡೆ ಮುಖ. ಬೀದಿಯಲ್ಲಿ ಒಂದೊಂದೇ ಮನೆಯ ದೀಪ ಹೊತ್ತಿಕೊಂಡವು. ಅವಳ ಬೆನ್ನು ನೆಟ್ಟಗಾಯಿತು.

"ಬಂತು" ಎಂದಳು.

ಮೊದಲು ಚಾಪ್ಸು. ಅದಕ್ಕೆ ಅವಳು ಹೂಂ ಎಂದಳು, ಹೊಂದುತ್ತದೆ ಎಂಬ ಹಾಗೆ. ಆಮೇಲೆ ಎರಡನೆಯದು ಬಂದಿರಬೇಕು; ಕೈ ಎರಡನ್ನೂ ಕಲ್ಲಿಗೆ ಒತ್ತಿ ಹಿಡಿದು ಮಾತಾಡತೊಡಗಿದಳು. ನನ್ನೊಡನೆ ಅಲ್ಲ, ನಾನು ಹಿಂದೆ ಇದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. "ಹಣ್ಣು ಮೊದಲು ಬಂತು ರೀ. ಮಾಗಿದ ಕಾರೆಹಣ್ಣಿನ ಹಂಗೆ. ಅದರ ಹಿಂದೇನೇ ಮೆಣಸು. ಬದನೆಕಾಯಿ ಹೊಗೆ ಆ ಮೆಣಸಿನ ಕೈ ಹಿಡ್ಕೊಂಡ್ತು. ಮಟನ್ನು ಅಡ್ಡ ನಿಂತ್ಬಿಡ್ತಿತ್ತು, ಇದು ಅಡ್ಡ ನಿಲ್ಲಲ್ಲ, ದಾರಿ ಬಿಡುತ್ತೆ. ಈಗ ಒಗರು... ಎಳ್ಳಿನ ಜಿಡ್ಡು ಒಗರನ್ನ ಮೆತ್ತಗೆ ಮಾಡ್ತಿದೆ. ಕೊನೇದು ಇನ್ನೂ ಬಂದಿಲ್ಲ. ತಡೀರಿ. ಅದು ನಿಧಾನ." ಬಹಳ ಹೊತ್ತು ಸುಮ್ಮನಿದ್ದಳು. "ಬಂತು. ಹೊಸ ಮಡಕೇಲಿ ನೀರು ಕುಡಿದಂಗೆ. ಎಷ್ಟು ಹೊತ್ತು ಉಳೀತದೆ ಅಪ್ಪಾ ಇದು! ಇದನ್ನೇ ಅಲ್ವಾ ನೀವು ಕೂಗಿ ಹೇಳಿದ್ದು? ಹೌದು ಕಣ್ರೀ, ಬದನೆಕಾಯೇ. ನೀವು ಹೇಳಿದ್ದೇ ಸೈ. ಒಂದ್ಸಲ ನನ್ನ ಕರೀಬಾರ್ದಿತ್ತಾ, ಬಾ, ಪಕ್ಕದಲ್ಲಿ ಕೂತ್ಕೋ ಅಂತ? ನಾನು ಬೈತಿದ್ದೆ, ನಿಜ. ಬೈಕೊಂಡೇ ಕೂರ್ತಿದ್ದೆ."

ಅವಳು ನಿಲ್ಲಿಸಿದಳು. ಬೇಲಿಯ ಕಡೆಗೆ ಒಂದಿಷ್ಟು ತಲೆ ಬಾಗಿಸಿ, ಕೇಳಿಸಿಕೊಳ್ಳುವವಳ ಹಾಗೆ ಕಾಯುತ್ತಿದ್ದಳು. ಜೀವಮಾನವೆಲ್ಲ "ಬಂತು" ಎಂದ ಮೇಲೆ ಒಂದು ಉಸಿರಿಗೆ ಉತ್ತರ ಬಂದ ಅಭ್ಯಾಸ. ಇವತ್ತು ಯಾರು ಕೊಡಬೇಕು? ನನ್ನ ಹೊಟ್ಟೆಯಲ್ಲೂ ಅದೇ ಬದನೆಕಾಯಿ, ಅದೇ ವೈನು ಇತ್ತು. ನಾಲಿಗೆಯ ಮೇಲೆ ಮಾತ್ರ ನಿನ್ನೆಯದೂ ಇಲ್ಲ, ಇವತ್ತಿನದೂ ಇಲ್ಲ, ಬರಿದು. ರುಚಿ ಬಂದವರನ್ನು ಮಾತಾಡಿಸುವ ಹಾಗಿಲ್ಲ. ಗೋಡೆ ದಾಟಿ ಹೋಗಿ ಅಪ್ಪಿಕೊಳ್ಳುವ ಹಾಗಿಲ್ಲ. ಬಾಯಿ ತೆರೆಯಬೇಕೆಂದರೆ ಒಂದೇ ಮಾತು ಇರುವುದು. ನಾನು ಗೋಡೆ ಹಿಡಿದು ಉಸಿರು ಎಳೆದುಕೊಂಡೆ.

"ನಂಗೂ ಬಂತು ಕಣೇ" ಎಂದೆ.

ಅವಳು ತಿರುಗಿದಳು. ಕತ್ತಲಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. "ನಿಂಗಾ? ನೀನೂ ತಿಂದ್ಯಾ?"

"ತಿಂದೆ. ತಟ್ಟೇಲಿ ಉಳಿದಿತ್ತಲ್ಲ."

"ನಿನ್ನ ತಡ ಇದೇ ಹೊತ್ತಾ ಅಕ್ಕಯ್ಯ? ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಕೇಳೇ ಇಲ್ಲ ನೋಡು ನಾನು. ಏನನ್ನಿಸ್ತು ನಿಂಗೆ?"

ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. "ನೀನು ಹೇಳಿದ್ದೇ" ಎಂದೆ. "ಹೊಗೆ, ಮೆಣಸು. ಕೊನೇದಂತೂ... ಬಹಳ ಹೊತ್ತು ಉಳೀತು." ಅವಳು ಕಲ್ಲಿನ ಮೇಲೆ ಒಂದು ಪಕ್ಕಕ್ಕೆ ಸರಿದಳು. ನಾನು ಸುತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತೆ. ದಿನಾ ಬಾ ಎಂದಳು. ಬರುತ್ತೇನೆ ಎಂದೆ.

ಮಾರನೆಯ ದಿನ ಚಾವಡಿಯ ಅಂಗಳದಲ್ಲಿ ಬೂದಿ ಹಾಕಿ ಚಾಪ್ಸಿನ ಬಾಣಲೆ ತಿಕ್ಕುತ್ತಿದ್ದೆ. ಆಗ ಬಂತು. ಕಾರೆಹಣ್ಣು ಬಂತು, ಮೆಣಸು ಬಂತು, ಹೊಗೆ ಬಂದು ಅದರ ಪಕ್ಕ ಕೂತಿತು. ಒಗರು ಬಂದು ಎಳ್ಳಿನಲ್ಲಿ ಕರಗಿತು. ಎಲ್ಲ ಮುಗಿಯಿತು ಎನ್ನುವಾಗ ಆ ಮೂರನೆಯದು, ನನ್ನ ನಾಲಿಗೆ ಹೆಸರು ಹೇಳಲಾರದ್ದು, ನಿಧಾನವಾಗಿ ಬಂತು. ದೇವೀರಮ್ಮ ಅದನ್ನು ಹೊಸ ಮಡಕೆ ಎಂದಿದ್ದಳು. ಅಲ್ಲ. ಅದರಲ್ಲಿ ಇನ್ನೊಂದು ಇತ್ತು, ಹುರಿದ ಹುರುಳಿಯ ಕಹಿಯಂಥದ್ದು, ಅವಳು ಹೇಳದೇ ಇದ್ದದ್ದು. ಹೇಳಬೇಕು, ಈಗಲೇ ಓಡಿಹೋಗಿ ಅವಳಿಗೆ ಹೇಳಬೇಕು ಎಂದು ಮಸಿಕೈಯಲ್ಲೇ ಎದ್ದು ಚಾವಡಿಯ ಬಾಗಿಲವರೆಗೂ ಹೋದೆ.

ಅಲ್ಲಿ ನಿಂತೆ. ನಿನ್ನೆಯೇ ಬಂತು ಎಂದುಬಿಟ್ಟಿದ್ದೆನಲ್ಲ. ಅಯ್ಯೋ ಮುದ್ದಯ್ಯ ಎಂದುಕೊಂಡೆ. ಬಾಯಲ್ಲಿ ಅದು ಆರುವವರೆಗೂ ಬಾಗಿಲಲ್ಲಿ ನಿಂತಿದ್ದು, ಹಿಂದಕ್ಕೆ ಬಂದು ಉಳಿದ ಪಾತ್ರೆ ತಿಕ್ಕಿದೆ.